ಮೂರು ಸೂರ್ಯರಷ್ಟು ತೂಕ ಎಲ್ಲಿ ಹೋಯಿತು?

36ಕ್ಕೆ 29 ಕೂಡಿಸಿದರೆ 65. ಆದರೆ 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಹುಡುಕುವ ಅಮೆರಿಕದ ಎರಡು ಲೈಗೊ ಪತ್ತೆಯಂತ್ರಗಳಿಗೆ ಸಿಕ್ಕ ಸಂಕೇತದಲ್ಲಿ ಉತ್ತರ 62 ಎಂದು ಬಂತು. ಸೂರ್ಯನ ಸುಮಾರು 36 ಪಟ್ಟು ತೂಕದ ಒಂದು ಕಪ್ಪುಕುಳಿ (ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವದ ಕಾಯ), 29 ಪಟ್ಟು ತೂಕದ ಇನ್ನೊಂದು. ಎರಡೂ ಒಂದನ್ನೊಂದು ಸುತ್ತುತ್ತಾ ಹತ್ತಿರ ಬಂದು ಒಂದಾದವು. ಕೊನೆಗೆ ಉಳಿದ ಕಪ್ಪುಕುಳಿಯಲ್ಲಿ ಮೂರು ಸೂರ್ಯರಷ್ಟು ತೂಕ ಕಡಿಮೆ ಇತ್ತು.

ಆ ತೂಕವೆಲ್ಲ ಶಕ್ತಿಯಾಗಿ, ಗುರುತ್ವದ ಅಲೆಗಳಾಗಿ ಹೊರಟುಹೋಗಿತ್ತು. ಅದೂ ಬಹುಪಾಲು ಸೆಕೆಂಡಿನ ಒಂದು ಸಣ್ಣ ಚೂರಿನಲ್ಲಿ. ನಮ್ಮ ಸೂರ್ಯ ತನ್ನ 1,000 ಕೋಟಿ ವರ್ಷಗಳ ಆಯುಸ್ಸಿನಲ್ಲಿ ಸೂಸುವ ಒಟ್ಟು ಬೆಳಕಿನ ನಾಲ್ಕು ಸಾವಿರ ಪಟ್ಟಿಗಿಂತ ಜಾಸ್ತಿ ಶಕ್ತಿ ಅದು. ಇಷ್ಟೊಂದು ಶಕ್ತಿ ಹೊತ್ತು ಹೊರಟ ಅಲೆ ನಮ್ಮ ಮೈಯೊಳಗಿಂದಲೇ ದಾಟಿ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಯಾಕೆ?

ಭಾರವಾದ ವಸ್ತು ತನ್ನ ಸುತ್ತಲಿನ ದೇಶ (ಅಂದರೆ ಜಾಗ) ಮತ್ತು ಕಾಲವನ್ನು ಬಾಗಿಸುತ್ತದೆ, ಅದೇ ಗುರುತ್ವ ಎಂದು ಐನ್‌ಸ್ಟೈನ್ 1915ರಲ್ಲಿ ಹೇಳಿದರು. ಎರಡು ಭಾರದ ವಸ್ತುಗಳು ಒಂದನ್ನೊಂದು ಸುತ್ತಿದರೆ ಆ ಬಾಗುವಿಕೆ ಕ್ಷಣಕ್ಷಣಕ್ಕೂ ಬದಲಾಗುತ್ತಾ ಇರುತ್ತದೆ. ಬದಲಾವಣೆಯ ಸುದ್ದಿ ಬೆಳಕಿನ ವೇಗದಲ್ಲಿ ಹೊರಗೆ ಹರಡುತ್ತದೆ. ಅದೇ ಗುರುತ್ವದ ಅಲೆ. ಅಲೆ ದಾಟುವಾಗ ಜಾಗವೇ ಒಂದು ದಿಕ್ಕಿನಲ್ಲಿ ಹಿಗ್ಗಿ, ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ಕುಗ್ಗುತ್ತದೆ. ಮರುಕ್ಷಣ ಇದು ಅದಲುಬದಲು.

ಈ ಅಲೆಗಳ ಮೇಲೆ ಐನ್‌ಸ್ಟೈನ್ ಅವರಿಗೇ ಪೂರ್ತಿ ನಂಬಿಕೆ ಇರಲಿಲ್ಲ. 1916ರಲ್ಲಿ ಇವೆ ಎಂದವರು 1936ರಲ್ಲಿ ನೇಥನ್ ರೋಸನ್ ಜೊತೆ ಇಲ್ಲ ಎಂದು ಪ್ರಬಂಧ ಬರೆದರು. ವಿಜ್ಞಾನ ಪತ್ರಿಕೆಯ ಪರಿಶೀಲಕರು ಅದರಲ್ಲಿ ತಪ್ಪು ತೋರಿಸಿದಾಗ ಸಿಟ್ಟಾಗಿ ಪ್ರಬಂಧವನ್ನು ವಾಪಸ್ ಪಡೆದರು. ಆಮೇಲೆ ಲೆಕ್ಕ ತಿದ್ದಿ ಬೇರೆ ಪತ್ರಿಕೆಗೆ ಕೊಟ್ಟರು. ಗೊಂದಲ ಅಲ್ಲಿಗೂ ಮುಗಿಯಲಿಲ್ಲ. ಅಲೆಗಳು ಇದ್ದರೂ ಅವು ನಿಜವಾಗಿ ಶಕ್ತಿ ಹೊರುತ್ತವೆಯೋ, ಅಥವಾ ಸುಮ್ನೆ ಗಣಿತದ ಆಟವೋ?

1957ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ ರಿಚರ್ಡ್ ಫೈನ್‌ಮನ್ ಒಂದು ಸರಳ ಯೋಚನೆ ಮುಂದಿಟ್ಟರು. ಒಂದು ಕೋಲು, ಅದರ ಮೇಲೆ ಸ್ವಲ್ಪ ಬಿಗಿಯಾಗಿ ಜಾರುವ ಎರಡು ಮಣಿ. ಅಲೆ ಬಂದಾಗ ಮಣಿಗಳು ಹಿಂದೆಮುಂದೆ ಸರಿಯುತ್ತವೆ. ಕೋಲು ಗಟ್ಟಿಯಾಗಿರುವುದರಿಂದ ಅಷ್ಟು ಹಿಗ್ಗುವುದಿಲ್ಲ. ಮಣಿ ಕೋಲಿಗೆ ಉಜ್ಜಿದರೆ ಬಿಸಿಯಾಗಲೇಬೇಕು. ಆ ಬಿಸಿ ಎಲ್ಲಿಂದ ಬಂತು? ಅಲೆಯಿಂದಲೇ. ಅಂದಮೇಲೆ ಅಲೆಯಲ್ಲಿ ಶಕ್ತಿ ಇದೆ. ಸಮೀಕರಣಗಳ ರಾಶಿಯಲ್ಲಿ ದಶಕಗಟ್ಟಲೆ ಸಿಕ್ಕಿಹಾಕಿಕೊಂಡಿದ್ದ ಪ್ರಶ್ನೆಯನ್ನು ಎರಡು ಮಣಿ ಬಿಡಿಸಿದವು. ಭೌತಶಾಸ್ತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ವಾದಗಳಲ್ಲಿ ಇದೂ ಒಂದು.

ಆದರೆ ವಾದ ಬೇರೆ, ಸಾಕ್ಷಿ ಬೇರೆ ಅಲ್ವಾ? ಸಾಕ್ಷಿ ಸಿಕ್ಕಿದ್ದು ಆಕಾಶದಲ್ಲಿ. 1974ರಲ್ಲಿ ರಸೆಲ್ ಹಲ್ಸ್ ಮತ್ತು ಜೋಸೆಫ್ ಟೇಲರ್, ಪೋರ್ಟೊ ರಿಕೊದ ಅರೆಸಿಬೊದಲ್ಲಿದ್ದ 305 ಮೀಟರ್ ಅಗಲದ ರೇಡಿಯೊ ದೂರದರ್ಶಕದಿಂದ ಒಂದು ಪಲ್ಸಾರ್ ಕಂಡುಹಿಡಿದರು. ಇದು ಸೆಕೆಂಡಿಗೆ ಸುಮಾರು 17 ಸಲ ತನ್ನ ಸುತ್ತಲೇ ತಿರುಗುವ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ದೊಡ್ಡ ನಕ್ಷತ್ರದ ತೀರಾ ದಟ್ಟವಾದ ತಿರುಳು. ಪ್ರತಿ ಸುತ್ತಿಗೂ ಅದರಿಂದ ಒಂದು ರೇಡಿಯೊ ಮಿಡಿತ ಬರುತ್ತದೆ. ಅದಕ್ಕೊಂದು ಜೊತೆಗಾರ ನಕ್ಷತ್ರವೂ ಇತ್ತು. ಎರಡೂ 7 ಗಂಟೆ 45 ನಿಮಿಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಿದ್ದವು. ಪಲ್ಸಾರ್‌ನ ಮಿಡಿತ ಒಳ್ಳೆಯ ಗಡಿಯಾರದಷ್ಟೇ ನಿಖರ. ಹಾಗಾಗಿ ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ವರ್ಷಗಟ್ಟಲೆ ಅಳೆಯಲು ಸಾಧ್ಯವಾಯಿತು. ಆ ಹೊತ್ತು ವರ್ಷಕ್ಕೆ ಸುಮಾರು 76 ಮೈಕ್ರೊಸೆಕೆಂಡ್‌ನಷ್ಟು ಕಡಿಮೆಯಾಗುತ್ತಿತ್ತು. ಅಂದರೆ ಎರಡೂ ನಕ್ಷತ್ರಗಳು ವರ್ಷಕ್ಕೆ ಸುಮಾರು ಮೂರೂವರೆ ಮೀಟರ್ ಹತ್ತಿರವಾಗುತ್ತಿವೆ. ಸುತ್ತಾಟದ ಶಕ್ತಿ ಎಲ್ಲಿಗೋ ಸೋರುತ್ತಿದೆ. ಎಷ್ಟು ಸೋರುತ್ತಿದೆಯೋ ಅಷ್ಟೇ ಶಕ್ತಿ ಗುರುತ್ವದ ಅಲೆಗಳಲ್ಲಿ ಹೋಗಬೇಕೆಂದು ಐನ್‌ಸ್ಟೈನ್ ಸಿದ್ಧಾಂತ ಹೇಳುತ್ತದೆ. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಹಲ್ಸ್ ಮತ್ತು ಟೇಲರ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ನಮ್ಮ ಭೂಮಿಯೂ ಸೂರ್ಯನನ್ನು ಸುತ್ತುತ್ತಾ ಹೀಗೇ ಶಕ್ತಿ ಕಳೆದುಕೊಳ್ಳುತ್ತಿದೆ. ಎಷ್ಟು ಗೊತ್ತಾ? ಸುಮಾರು 200 ವಾಟ್. ಭೂಮಿ ಸೂರ್ಯನೊಳಗೆ ಬೀಳುತ್ತದೆ ಎಂದು ಯಾರೂ ಹೆದರಬೇಕಿಲ್ಲ.

ಈಗ ಆ ಎರಡು ಕಪ್ಪುಕುಳಿಗಳ ವಿಷಯ. ಅವು ನಮ್ಮಿಂದ ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದ್ದವು. ಅಷ್ಟು ದೂರ ಹರಡಿ ತೆಳುವಾದ ಮೇಲೂ, ಅಲೆಯ ಉಬ್ಬರದ ಕ್ಷಣದಲ್ಲಿ ಭೂಮಿಯ ಪ್ರತಿ ಚದರ ಮೀಟರ್‌ಗೆ ಸೆಕೆಂಡಿನ ಲೆಕ್ಕದಲ್ಲಿ ಬಂದ ಶಕ್ತಿ ಹುಣ್ಣಿಮೆಯ ಬೆಳದಿಂಗಳಿನ ಶಕ್ತಿಗಿಂತ ಹಲವು ಪಟ್ಟು ಜಾಸ್ತಿ ಇತ್ತು. ಬೆಳದಿಂಗಳಲ್ಲಿ ದಾರಿ ಕಾಣುತ್ತದೆ. ಆದರೆ ಈ ಅಲೆ ಲೈಗೊದ ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳನ್ನು ಒಂದು ಪ್ರೋಟಾನ್‌ನ ಅಗಲದ ನೂರರಲ್ಲಿ ಒಂದು ಪಾಲಿನಷ್ಟೂ ಬದಲಿಸಲಿಲ್ಲ. ದೇಶಕಾಲ ಅಷ್ಟು ಬಿರುಸು. ಅದನ್ನು ಒಂಚೂರು ಅಲುಗಿಸಲು ಅಪಾರ ಶಕ್ತಿ ಬೇಕು. ಮೇಲಾಗಿ ಬೆಳಕನ್ನು ಕಣ್ಣು, ಎಲೆ, ಗೋಡೆ ಎಲ್ಲವೂ ಹೀರುತ್ತವೆ. ಗುರುತ್ವದ ಅಲೆಯನ್ನು ಯಾವುದೂ ಹೆಚ್ಚುಕಡಿಮೆ ಹೀರುವುದೇ ಇಲ್ಲ. ಭೂಮಿಯನ್ನು ಪೂರ್ತಿ ತೂರಿಕೊಂಡು ಹಾಗೇ ಮುಂದೆ ಹೋಗುತ್ತದೆ. ಅಷ್ಟು ಶಕ್ತಿ ಬಂದರೂ ನಮಗೆ ಗೊತ್ತಾಗದಿರುವುದು ಇದಕ್ಕೇ.

ಆ ಸಂಕೇತದ ಕೊನೆಯ ಕೆಲವು ಮಿಲಿಸೆಕೆಂಡ್‌ಗಳ ಹಿಂದೆ ಬೆಂಗಳೂರಿನವರೊಬ್ಬರ ಕೆಲಸ ಇದೆ. ಸಿ. ವಿ. ವಿಶ್ವೇಶ್ವರ. ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೆಂದು ಬೆಂಗಳೂರಿನ ಅನೇಕರಿಗೆ ಅವರ ಹೆಸರು ಗೊತ್ತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ್ದ ಅವರು ಒಂದು ಪ್ರಶ್ನೆ ಎತ್ತಿಕೊಂಡರು. ಕಪ್ಪುಕುಳಿಯ ಮೇಲೆ ಒಂದು ಗುರುತ್ವದ ಅಲೆ ಎಸೆದರೆ ಏನಾಗುತ್ತದೆ? ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡಿ ನೋಡಿದರು. ಅಲೆ ಎಂಥದ್ದೇ ಇರಲಿ, ಕಪ್ಪುಕುಳಿ ತನ್ನದೇ ಆದ ಒಂದು ಸ್ವರದಲ್ಲಿ ನಡುಗಿ ಬೇಗನೆ ಸುಮ್ಮನಾಗುತ್ತದೆ. ಬಾರಿಸಿದ ಗಂಟೆಯ ನಾದ ಇಳಿಯುವ ಹಾಗೆ. 1970ರಲ್ಲಿ ಇದು ಪ್ರಕಟವಾಯಿತು. ಕಪ್ಪುಕುಳಿ ಎಂಬುದು ನಿಜಕ್ಕೂ ಇದೆಯೋ ಎಂದು ಬಹಳ ಜನ ಅನುಮಾನಿಸುತ್ತಿದ್ದ ಕಾಲ ಅದು.

ಆ ಸ್ವರ ಕಪ್ಪುಕುಳಿಯ ತೂಕ ಮತ್ತು ತಿರುಗುವ ವೇಗವನ್ನು ಅವಲಂಬಿಸಿರುತ್ತದೆ. ಕೊನೆಯ ನಡುಕ ಕೇಳಿಸಿಕೊಂಡರೆ ಹೊಸ ಕಪ್ಪುಕುಳಿ ಎಂಥದ್ದು ಎಂದು ಹೇಳಬಹುದು. 2015ರ ಸಂಕೇತದ ಬಾಲದಲ್ಲಿ ಕಂಡ ನಡುಕ ಈ ಲೆಕ್ಕಕ್ಕೆ ಹೊಂದಿತು. 2016ರ ಫೆಬ್ರವರಿ 11ರಂದು ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ನಮ್ಮೊಂದಿಗಿದ್ದರು. ಮುಂದಿನ ಜನವರಿಯಲ್ಲಿ ತೀರಿಕೊಂಡರು. ಸುಮಾರು 46 ವರ್ಷ ಹಿಂದಿನ ತಮ್ಮ ಲೆಕ್ಕ ಆಕಾಶದಲ್ಲಿ ದಿಟವಾಗುವುದನ್ನು ನೋಡುವ ಭಾಗ್ಯ ಎಷ್ಟು ವಿಜ್ಞಾನಿಗಳಿಗೆ ಸಿಗುತ್ತದೆ?

2025ರ ಜನವರಿ 14ರಂದು ಹೆಚ್ಚುಕಡಿಮೆ ಅಂಥದ್ದೇ ಇನ್ನೊಂದು ಜೋಡಿಯ ಅಲೆ ಬಂತು. ಅಷ್ಟರಲ್ಲಿ ಯಂತ್ರಗಳು ಬಹಳ ಸೂಕ್ಷ್ಮವಾಗಿದ್ದವು. ಹಾಗಾಗಿ ಈ ಸಲ ಕೊನೆಯ ನಡುಕದಲ್ಲಿ ಒಂದಲ್ಲ, ಎರಡು ಸ್ವರಗಳನ್ನು ಬೇರ್ಪಡಿಸಲು ಆಯಿತು. ಅದರಿಂದ 1971ರಲ್ಲಿ ಸ್ಟೀಫನ್ ಹಾಕಿಂಗ್ ಹೇಳಿದ್ದ ಒಂದು ಮಾತನ್ನು ಪರೀಕ್ಷಿಸಿದರು. ಕಪ್ಪುಕುಳಿಗಳು ಕೂಡಿದಾಗ ಎಷ್ಟೇ ಶಕ್ತಿ ಅಲೆಯಾಗಿ ಹೋಗಲಿ, ಅವುಗಳ ಒಟ್ಟು ಮೇಲ್ಮೈ (ಒಳಗೆ ಹೋದದ್ದು ಹೊರಬರಲಾಗದ ಗಡಿಯ ವಿಸ್ತೀರ್ಣ) ಮಾತ್ರ ಕುಗ್ಗುವಂತಿಲ್ಲ. ಅಲೆ ಎಷ್ಟು ಶಕ್ತಿ ಕೊಂಡೊಯ್ಯಬಹುದು ಎಂಬುದಕ್ಕೆ ಇದೇ ಮಿತಿ. ಅಳೆದಾಗ, ಕೂಡುವ ಮೊದಲು ಎರಡರ ಒಟ್ಟು ಮೇಲ್ಮೈ ಸುಮಾರು 2,40,000 ಚದರ ಕಿಲೋಮೀಟರ್ ಇತ್ತು. ಕೂಡಿದ ಮೇಲೆ ಸುಮಾರು 4,00,000.