ಬಸುರಿಯಾಗುವ ಮೊದಲಿನ ಮಾತ್ರೆ

ನನ್ನ ಮೇಜಿನ ಮೇಲೆ ಒಂದು ಕ್ಯಾಲೆಂಡರ್ ಸದಾ ಬಿದ್ದಿರುತ್ತದೆ. ಗೋಡೆಗೆ ಹಾಕುವಂಥದ್ದೇ. ಆದರೆ ದಿನಕ್ಕೆ ನಾಲ್ಕೈದು ಸಲ ಅದರ ಮೇಲೆ ಬೆರಳಿಟ್ಟು ಲೆಕ್ಕ ಹೇಳಬೇಕಾದ್ದರಿಂದ ಗೋಡೆಗೆ ಹೋಗಿಯೇ ಇಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ಅತ್ತೆಯ ಜೊತೆ ಬಂದಿದ್ದಳು. ಮೊದಲ ಬಸಿರು, ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿದಿತ್ತು. ಮಗುವಿನ ಬೆನ್ನುಮೂಳೆ ಸೊಂಟದ ಹತ್ತಿರ ಮುಚ್ಚಿಕೊಂಡಿಲ್ಲ, ತಲೆಯಲ್ಲಿ ನೀರು ಸೇರುತ್ತಿದೆ ಅಂತ ರಿಪೋರ್ಟಿನಲ್ಲಿತ್ತು. ಅತ್ತೆ ತಗ್ಗಿದ ದನಿಯಲ್ಲಿ ಕೇಳಿದರು: "ಗ್ರಹಣದ ದಿನ ಇವಳು ಹೊರಗೆ ಬಂದಿದ್ಲು ಡಾಕ್ಟ್ರಮ್ಮ. ಅದಕ್ಕೇನಾ?" ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಈ ಪ್ರಶ್ನೆ ಮನೆಯಲ್ಲಿ ಎಷ್ಟು ಸಲ ಬಂದಿತ್ತೋ.

"ಗ್ರಹಣ ಆಗ ಎಷ್ಟನೇ ತಿಂಗಳು?" ಅಂತ ಕೇಳಿದೆ. ಮೂರು ತುಂಬಿತ್ತು ಅಂದರು. ಕ್ಯಾಲೆಂಡರ್ ಎಳೆದುಕೊಂಡೆ.

ಲೆಕ್ಕ ಹೀಗೆ. ನಾವು ಬಸಿರಿನ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ದಿನ ತಿಂಗಳ ಒಂದನೇ ತಾರೀಕು ಅಂದುಕೊಳ್ಳಿ. ಸುಮಾರು ಹದಿನೈದಕ್ಕೆ ಗರ್ಭ ಕಟ್ಟುತ್ತದೆ. ಇಪ್ಪತ್ತೊಂಬತ್ತಕ್ಕೆ ಆಗಬೇಕಾದ ಮುಟ್ಟು ಆಗುವುದಿಲ್ಲ. ಅಲ್ಲಿಂದ ಮತ್ತೆ ಎರಡು ವಾರದೊಳಗೆ, ಅಂದರೆ ಗರ್ಭ ಕಟ್ಟಿದ 28 ದಿನಕ್ಕೆ, ಮಗುವಿನ ಮೆದುಳು ಮತ್ತು ಬೆನ್ನುಹುರಿ ಆಗಬೇಕಾದ ಕೊಳವೆ ಪೂರ್ತಿ ಮುಚ್ಚಿಕೊಂಡಿರಬೇಕು. ಆಗ ಮಗು ಒಂದು ಭತ್ತದ ಕಾಳಿಗಿಂತ ದೊಡ್ಡದಿರುವುದಿಲ್ಲ. ಮೂರು ತುಂಬಿದ ಮೇಲೆ ಬಂದ ಗ್ರಹಣ ಏನು ಮಾಡೀತು? ಆಗಬೇಕಾದ್ದೆಲ್ಲ ಅದಕ್ಕೂ ಒಂದೂವರೆ ತಿಂಗಳ ಹಿಂದೆಯೇ ಆಗಿಹೋಗಿತ್ತು. ಗ್ರಹಣ ಅದಕ್ಕೂ ಮುಂಚೆ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಅತ್ತೆಗೆ ತಾರೀಕಿನ ಲೆಕ್ಕವೇ ಒಪ್ಪಿಗೆಯಾಯಿತು. ಹುಡುಗಿ ಆವತ್ತು ಮೊದಲ ಸಲ ತಲೆ ಎತ್ತಿದಳು.

ಈ ಕೊಳವೆಯನ್ನು ನರಕೊಳವೆ ಅನ್ನುತ್ತೇವೆ. ಶುರುವಿನಲ್ಲಿ ಅದು ಕೊಳವೆಯಲ್ಲ, ಚಪ್ಪಟೆ ಹಾಳೆ. ಕರ್ಜಿಕಾಯಿ ಮಾಡುವಾಗ ಹಿಟ್ಟಿನ ಎರಡೂ ಅಂಚು ಎತ್ತಿ ಒತ್ತುತ್ತೇವಲ್ಲ, ಹಾಗೆ ಹಾಳೆಯ ಎರಡು ಅಂಚು ಎದ್ದು ನಡುವೆ ಕೂಡಿಕೊಳ್ಳುತ್ತವೆ. ಕುತ್ತಿಗೆಯ ಭಾಗದಲ್ಲಿ ಮೊದಲು ಕೂಡಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಜಿಪ್ ಎಳೆದ ಹಾಗೆ ಮುಚ್ಚುತ್ತಾ ಹೋಗುತ್ತದೆ. ತಲೆಯ ಕಡೆ ಮುಚ್ಚದೆ ಉಳಿದರೆ ತಲೆಬುರುಡೆಯ ಮೇಲ್ಭಾಗ, ಮೆದುಳು ಬೆಳೆಯುವುದೇ ಇಲ್ಲ. ಅದು ಅನೆನ್ಸೆಫಲಿ. ಆ ಮಗು ಉಳಿಯುವುದಿಲ್ಲ. ಬೆನ್ನಿನ ಕಡೆ ಬಿಟ್ಟುಕೊಂಡರೆ ಸ್ಪೈನಾ ಬೈಫಿಡಾ. ಬೆನ್ನಿನ ಮೇಲೆ ನೀರುಗುಳ್ಳೆಯಂಥ ಚೀಲ, ಅದರೊಳಗೆ ನರಗಳು. ಎಷ್ಟು ಮೇಲೆ ಬಿಟ್ಟುಕೊಂಡಿದೆಯೋ ಅಷ್ಟು ತೊಂದರೆ ಜಾಸ್ತಿ. ಕಾಲಿನ ಬಲ, ಮಲಮೂತ್ರದ ಹಿಡಿತ ಎರಡಕ್ಕೂ ಪೆಟ್ಟು ಬೀಳುತ್ತದೆ.

ಹೀಗಾಗುವುದು ಯಾಕೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ವಂಶವಾಹಿ ಸ್ವಲ್ಪ, ಬೇರೆ ಕಾರಣ ಸ್ವಲ್ಪ. ಆದರೆ ಎಲ್ಲಕ್ಕಿಂತ ಸುಲಭವಾಗಿ ನಮ್ಮ ಕೈಗೆ ಸಿಗುವ ಕಾರಣ ಒಂದು ವಿಟಮಿನ್, ಫೋಲೇಟ್. ಅದರ ಕಥೆಗೂ ನಮ್ಮ ದೇಶಕ್ಕೂ ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲೆಂಡಿನ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರಿಗೆ ಒಂದು ಬಗೆಯ ರಕ್ತಹೀನತೆ ಬರುತ್ತಿತ್ತು. ಯೀಸ್ಟಿನಿಂದ ಮಾಡಿದ ಅಗ್ಗದ ಮಾರ್ಮೈಟ್ ತಿನ್ನಿಸಿದರೆ ಅದು ವಾಸಿಯಾಗುತ್ತದೆ ಅಂತ ಅವರು ಕಂಡುಕೊಂಡು 1931ರಲ್ಲಿ ಬರೆದರು. ಅದರಲ್ಲಿದ್ದ ಆ ಅಂಶವೇ ಫೋಲೇಟ್. ಮುಂದೆ 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರೆ ಮಾಡಿದರು. ಲ್ಯಾಟಿನ್‌ನಲ್ಲಿ ಎಲೆಗೆ ಇರುವ ಹೆಸರೇ ಅದಕ್ಕೂ ಬಂತು.

ನರಕೊಳವೆಗೂ ಅದಕ್ಕೂ ಇರುವ ಸಂಬಂಧ ಅನುಮಾನಕ್ಕೆ ಜಾಗವಿಲ್ಲದ ಹಾಗೆ ಗೊತ್ತಾಗಿದ್ದು 1991ರಲ್ಲಿ. ಮೊದಲೊಂದು ಮಗುವಿಗೆ ಈ ತೊಂದರೆಯಾಗಿದ್ದ ತಾಯಂದಿರನ್ನೇ ಏಳು ದೇಶಗಳಲ್ಲಿ ಆರಿಸಿಕೊಂಡು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅಧ್ಯಯನ ಮಾಡಿತ್ತು. ಒಟ್ಟು 27 ಬಸಿರಿನಲ್ಲಿ ತೊಂದರೆ ಮರುಕಳಿಸಿತು. ಫೋಲಿಕ್ ಆಸಿಡ್, ಅಂದರೆ ಮಾತ್ರೆಯ ರೂಪದ ಫೋಲೇಟ್, ತಗೊಂಡವರಲ್ಲಿ 6, ತಗೊಳ್ಳದವರಲ್ಲಿ 21. ವ್ಯತ್ಯಾಸ ಎಷ್ಟು ಎದ್ದು ಕಂಡಿತೆಂದರೆ ಅಧ್ಯಯನವನ್ನು ನಡುವಿನಲ್ಲೇ ನಿಲ್ಲಿಸಿದರು. ಮರುವರ್ಷ ಹಂಗೆರಿಯ ಅಧ್ಯಯನವೊಂದು ಮೊದಲ ಬಸಿರಿನಲ್ಲೂ ಇದು ಕೆಲಸ ಮಾಡುತ್ತದೆ ಅಂತ ತೋರಿಸಿತು. ಅಮೆರಿಕದಲ್ಲಿ 1998ರಿಂದ ಹಿಟ್ಟಿಗೇ ಬೆರೆಸುತ್ತಿದ್ದಾರೆ. ನಮ್ಮ ರೇಷನ್ನಿನಲ್ಲಿ ಕೊಡಲು ಶುರುಮಾಡಿದ ಸಾರವರ್ಧಿತ ಅಕ್ಕಿಯಲ್ಲೂ ಕಬ್ಬಿಣ, ಬಿ12 ಜೊತೆ ಫೋಲಿಕ್ ಆಸಿಡ್ ಇರುತ್ತದೆ. "ಪ್ಲಾಸ್ಟಿಕ್ ಅಕ್ಕಿ" ಅಂತ ಆರಿಸಿ ಎಸೆಯುತ್ತಾರಲ್ಲ, ಅದೇ ಕಾಳು! ದಯವಿಟ್ಟು ಎಸೆಯಬೇಡಿ.

ಮತ್ತೆ ಕ್ಯಾಲೆಂಡರಿಗೆ ಬರೋಣ. ನನ್ನ ಹತ್ತಿರ ಬರುವ ಬಹಳಷ್ಟು ಜನ ಮೊದಲ ಸಲ ಬರುವುದೇ ಎರಡು, ಎರಡೂವರೆ ತಿಂಗಳಾದ ಮೇಲೆ. ದೃಷ್ಟಿ ಆಗುತ್ತದೆ, ಮೂರು ತುಂಬಲಿ, ಆಮೇಲೆ ಹೇಳೋಣ ಅಂತ ಮನೆಯವರು ಕಾಯುತ್ತಾರೆ. ಊರಿಗೆ ಹೇಳುವುದು ನಿಧಾನವಾಗಲಿ, ನನ್ನದೇನೂ ತಕರಾರಿಲ್ಲ. ಆದರೆ ಅಷ್ಟರಲ್ಲಿ ಕೊಳವೆ ಮುಚ್ಚಿ ವಾರಗಳೇ ಕಳೆದಿರುತ್ತವೆ. ಮುಟ್ಟು ತಪ್ಪಿದ ಮಾರನೇ ದಿನವೇ ಟೆಸ್ಟ್ ಮಾಡಿಕೊಂಡು ಓಡಿ ಬಂದವರಿಗೂ ಉಳಿದಿರುವುದು ಎರಡೇ ವಾರ. ರಕ್ತದಲ್ಲಿ ಫೋಲೇಟ್ ಸಾಕಷ್ಟು ಏರುವುದಕ್ಕೇ ಕೆಲವು ವಾರ ಬೇಕು. ಹಾಗಾಗಿ ಮಾತ್ರೆ ಶುರುವಾಗಬೇಕಾದ್ದು ಬಸುರಿಯಾದ ಮೇಲಲ್ಲ. ಮಗು ಬೇಕು ಅಂದುಕೊಂಡ ದಿನ. ಕೊನೇ ಪಕ್ಷ ಒಂದು ತಿಂಗಳು ಮುಂಚೆ, ಎರಡು ಮೂರು ತಿಂಗಳಾದರೆ ಇನ್ನೂ ಒಳ್ಳೆಯದು. "ಇನ್ನೂ ಏನೂ ಇಲ್ಲದೇ ಮಾತ್ರೆ ಯಾಕೆ, ನನಗೇನು ಕಾಯಿಲೆನಾ?" ಅಂತ ಕೇಳುವವರು ತುಂಬಾ. ಕಾಯಿಲೆಗಲ್ಲಮ್ಮಾ, ಬಿತ್ತನೆಗೆ ಮುಂಚೆ ಹೊಲಕ್ಕೆ ಗೊಬ್ಬರ ಹಾಕಲ್ವಾ ಅನ್ನುತ್ತೇನೆ.

ಇಲ್ಲಿ ಒಂದು ಗೊಂದಲ ಪದೇ ಪದೇ ನೋಡುತ್ತೇನೆ. ಈ ಹುಡುಗಿಯೂ ಹೇಳಿದ್ದಳು: "ನಾನು ಮಾತ್ರೆ ಒಂದಿನಾನೂ ಬಿಟ್ಟಿಲ್ಲ ಮೇಡಂ." ನಿಜ. ಅವಳು ತಗೊಂಡಿದ್ದು ಆಶಾ ಕಾರ್ಯಕರ್ತೆ ಮನೆಗೆ ತಂದುಕೊಟ್ಟ ಕೆಂಪು ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ರಕ್ತಹೀನತೆಗೆ ಬೇಕೇ ಬೇಕು. ಆದರೆ ದಿನಾ ಒಂದರಂತೆ ಅದು ಶುರುವಾಗುವುದು ಮೂರು ತಿಂಗಳು ದಾಟಿದ ಮೇಲೆ. ನರಕೊಳವೆಗೆ ಬೇಕಾದ್ದು ಬರೀ ಫೋಲಿಕ್ ಆಸಿಡ್, ದಿನಕ್ಕೆ 400 ಮೈಕ್ರೋಗ್ರಾಂ, ಬಸಿರಿಗೆ ಮುಂಚಿನಿಂದ ಮೂರು ತಿಂಗಳು ತುಂಬುವವರೆಗೆ. ಸರ್ಕಾರದ ಅನೀಮಿಯಾ ಮುಕ್ತ ಭಾರತ ಮಾರ್ಗಸೂಚಿಯಲ್ಲೂ ಇದನ್ನೇ ಹೇಳಿದ್ದಾರೆ. ಹೇಳಿರುವುದು ಕಾಗದದ ಮೇಲಿದೆ. ಹೊಸದಾಗಿ ಮದುವೆಯಾದವರ ಕಿವಿಗೆ ಬಿದ್ದಿಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಸುಲಭವಾಗಿ ಸಿಗುವ ಪುಟ್ಟ ಹಳದಿ ಮಾತ್ರೆ 5 ಮಿಲಿಗ್ರಾಂನದು, ಅಂದರೆ ಹನ್ನೆರಡು ಪಟ್ಟಿಗೂ ಜಾಸ್ತಿ. ಅದು ನಿಜವಾಗಿ ಬೇಕಾದ್ದು ಅಪಾಯ ಹೆಚ್ಚಿರುವವರಿಗೆ: ಹಿಂದಿನ ಮಗುವಿಗೆ ಹೀಗಾಗಿದ್ದರೆ, ಗಂಡ ಹೆಂಡತಿಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ, ಮೊದಲಿನಿಂದಲೂ ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್ ಮಾತ್ರೆ ನುಂಗುತ್ತಿದ್ದರೆ. ಫಿಟ್ಸ್ ಮಾತ್ರೆಗಳಲ್ಲಿ ವಾಲ್‌ಪ್ರೊಯೇಟ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಅದು ನರಕೊಳವೆಗೆ ನೇರವಾಗಿ ತೊಂದರೆ ಕೊಡುವ ಔಷಧಿ. ಹಾಗಂತ ಗಾಬರಿಯಾಗಿ ನೀವೇ ನಿಲ್ಲಿಸಿಬಿಡಬೇಡಿ, ಫಿಟ್ಸ್ ಬಂದು ಬಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ. ಮದುವೆ ಮಾತುಕತೆ ಶುರುವಾದಾಗಲೇ ನರರೋಗ ತಜ್ಞರ ಹತ್ತಿರ ಹೋಗಿ, ಬದಲಿ ಮಾತ್ರೆ ಕೇಳಿ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ ಮನೆಗಳಲ್ಲಿ ಹುಡುಗಿ ಈ ಮಾತ್ರೆಯನ್ನು ಬಚ್ಚಲಲ್ಲಿ ಕದ್ದು ನುಂಗುವುದು ನನಗೆ ಗೊತ್ತಿದೆ. ಅವಳು ಯಾರನ್ನು ಕೇಳಬೇಕು?

ಊಟದಲ್ಲೇ ಸಿಗಲ್ವಾ ಅಂತ ಕೇಳುತ್ತೀರಿ. ಸಿಗುತ್ತದೆ. ಸೊಪ್ಪು, ಕಾಳುಗಳಲ್ಲಿ ಚೆನ್ನಾಗಿದೆ. ಆದರೆ ಫೋಲೇಟ್ ನೀರಿನಲ್ಲಿ ಕರಗುತ್ತದೆ, ಕುದಿಸಿದರೆ ಒಂದಷ್ಟು ಹಾಳಾಗುತ್ತದೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದೂ ಚರಂಡಿಗೆ. ಈ ವಿಷಯದಲ್ಲಿ ನಮ್ಮ ಬಸ್ಸಾರು ಜಾಣ ಅಡುಗೆ. ಬಸಿದ ಕಟ್ಟನ್ನೇ ಸಾರು ಮಾಡಿ ಉಣ್ಣುತ್ತೇವೆ. ಆದರೂ ಬಸ್ಸಾರು ನಂಬಿಕೊಂಡು ಮಾತ್ರೆ ಬಿಡಬೇಡಿ ಅನ್ನುವುದೇ ನನ್ನ ಸಲಹೆ. ಇನ್ನು ಬಿ12 ಕಡಿಮೆ ಇದ್ದರೂ ಈ ತೊಂದರೆಯ ಸಾಧ್ಯತೆ ಏರುತ್ತದೆ. ಮಾಂಸ, ಮೊಟ್ಟೆ ಮುಟ್ಟದವರು, ಅದರಲ್ಲೂ ಹಾಲು ಮೊಸರೂ ಕಡಿಮೆ ಇರುವವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಮಾತ್ರೆ ತಗೊಂಡೂ ಹೀಗಾಗುವುದುಂಟು. ಫೋಲಿಕ್ ಆಸಿಡ್ ಎಲ್ಲ ಪ್ರಕರಣಗಳನ್ನೂ ತಡೆಯುವುದಿಲ್ಲ. ಅದಕ್ಕೇ ಸ್ಕ್ಯಾನಿಂಗ್. ಅನೆನ್ಸೆಫಲಿ 11ರಿಂದ 14 ವಾರದ ಸ್ಕ್ಯಾನಿಂಗ್‌ನಲ್ಲೇ ಸಾಮಾನ್ಯವಾಗಿ ಕಾಣುತ್ತದೆ. ಸ್ಪೈನಾ ಬೈಫಿಡಾ 18ರಿಂದ 20 ವಾರದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ತಮಾಷೆಯೆಂದರೆ ಮೊದಲ ಸುಳಿವು ಕೊಡುವುದು ಬೆನ್ನಲ್ಲ, ತಲೆ. ತಲೆಬುರುಡೆ ನಿಂಬೆಹಣ್ಣಿನ ಆಕಾರಕ್ಕೆ ಬಂದಿರುತ್ತದೆ, ಕಿರುಮೆದುಳು ಬಾಳೆಹಣ್ಣಿನ ಹಾಗೆ ಬಾಗಿರುತ್ತದೆ. ಐದನೇ ತಿಂಗಳ ಸ್ಕ್ಯಾನಿಂಗ್ ಏಳಕ್ಕೆ ಮಾಡಿಸಿದರಾಯಿತು ಅಂತ ಮುಂದೂಡಬೇಡಿ. ತೀವ್ರ ತೊಂದರೆ ಇದ್ದಾಗ ಬಸಿರು ಮುಂದುವರಿಸಬೇಕೋ ಬೇಡವೋ ಅನ್ನುವ ತೀರ್ಮಾನಕ್ಕೆ 2021ರ ತಿದ್ದುಪಡಿಯ ನಂತರ ಕಾನೂನು 24 ವಾರದವರೆಗೆ ಅವಕಾಶ ಕೊಟ್ಟಿದೆ. ಅದನ್ನು ದಾಟಿದರೆ ರಾಜ್ಯದ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಯೋಚನೆ ಮಾಡುವುದಕ್ಕೂ ಸಮಯ ಬೇಕಲ್ವಾ?

ಮುಂದುವರಿಸುವ ತಾಯಂದಿರೂ ಇದ್ದಾರೆ. ಅವರು ಹೆರಿಗೆಯನ್ನು ಮಕ್ಕಳ ನ್ಯೂರೋಸರ್ಜನ್ ಇರುವ ಆಸ್ಪತ್ರೆಯಲ್ಲೇ ಗೊತ್ತು ಮಾಡಿಕೊಳ್ಳಬೇಕು. ಬೆನ್ನಿನ ಚೀಲಕ್ಕೆ ಅರಿಶಿನ, ಬೂದಿ ಏನೂ ಹಚ್ಚಕೂಡದು. ಸಲೈನ್‌ನಲ್ಲಿ ನೆನೆಸಿದ ಶುದ್ಧ ಬಟ್ಟೆ ಮುಚ್ಚಿ, ಮಗುವನ್ನು ಹೊಟ್ಟೆ ಮೇಲೆ ಮಲಗಿಸಿಕೊಂಡು ಹೋಗಬೇಕು. ಎರಡು ಮೂರು ದಿನದೊಳಗೆ ಆಪರೇಷನ್ ಆದರೆ ಸೋಂಕಿನ ಭಯ ಕಡಿಮೆ. ತಲೆಯ ನೀರು ಇಳಿಸುವುದಕ್ಕೆ ಒಳಗೆ ಕೂರಿಸುವ ಶಂಟ್ ಅನ್ನುವ ಸಣ್ಣ ನಳಿಕೆ, ಮೂತ್ರಕ್ಕೆ ದಿನಕ್ಕೆ ನಾಲ್ಕೈದು ಸಲ ನಳಿಕೆ, ಕಾಲಿಗೆ ಪಟ್ಟಿ ಅಂತ ಕೆಲಸ ತುಂಬಾ ಇರುತ್ತದೆ. ಆದರೂ ಶಾಲೆಗೆ ಹೋಗುವ, ಚೆನ್ನಾಗಿ ಓದುವ ಮಕ್ಕಳನ್ನು ನಾನೇ ಕಂಡಿದ್ದೇನೆ.

ಆ ಹುಡುಗಿಯ ಬಸಿರು ಉಳಿಯಲಿಲ್ಲ. ಆರು ತಿಂಗಳಾದ ಮೇಲೆ ಮತ್ತೆ ಬಂದಳು, ಈ ಸಲ ಬಸುರಿಯಾಗುವ ಮೊದಲು. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಾಧ್ಯತೆ ನೂರಕ್ಕೆ ಎರಡು ಮೂರು ಇರುತ್ತದೆ. ಹಾಗಾಗಿ 5 ಮಿಲಿಗ್ರಾಂ ಬರೆದೆ. ಮೂರು ತಿಂಗಳ ನಂತರ ಬಸುರಿಯಾದಳು. ಈಗ ಮಗಳಿಗೆ ಎರಡು ವರ್ಷ, ಬಂದಾಗಲೆಲ್ಲ ನನ್ನ ಕ್ಯಾಲೆಂಡರ್ ಹರಿಯುತ್ತಾಳೆ.

ಮೊನ್ನೆ ಅತ್ತೆ ಒಬ್ಬರೇ ಬಂದಿದ್ದರು, ಮಗಳ ಮದುವೆಯ ಲಗ್ನಪತ್ರಿಕೆ ಕೊಡುವುದಕ್ಕೆ. ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು. "ಡಾಕ್ಟ್ರಮ್ಮ, ಅದೇ ಆ ಮಾತ್ರೆ... ಇವಳಿಗೆ ಯಾವಾಗಿಂದ ಕೊಡ್ಲಿ?"

ಪತ್ರಿಕೆ ತೆಗೆದು ಮುಹೂರ್ತದ ತಾರೀಕು ನೋಡಿದೆ. ಕ್ಯಾಲೆಂಡರ್ ಎಳೆದುಕೊಂಡೆ.