ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಂದ: ಯುದ್ಧ ಮುಗಿಯಿತು, ಜಗಳ ಉಳಿಯಿತು

ಜಪಾನ್ ಮತ್ತು ರಷ್ಯಾ ನಡುವೆ ಇವತ್ತಿಗೂ ಶಾಂತಿ ಒಪ್ಪಂದ ಆಗಿಲ್ಲ. ಎರಡನೇ ಮಹಾಯುದ್ಧ ಮುಗಿದದ್ದು 1945ರಲ್ಲಿ. ಆಮೇಲೆ ಎರಡೂ ಕಡೆ ರಾಯಭಾರ ಕಚೇರಿ ಬಂತು, ವ್ಯಾಪಾರವೂ ನಡೆಯಿತು. ಆ ಒಂದು ಸಹಿ ಮಾತ್ರ ಬೀಳಲಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದರೆ ದಾರಿ 1951ರ ಸೆಪ್ಟೆಂಬರ್‌ಗೆ, ಸ್ಯಾನ್ ಫ್ರಾನ್ಸಿಸ್ಕೊದ ಒಂದು ಆಪೆರಾ ಹೌಸ್‌ಗೆ ಹೋಗುತ್ತದೆ.

ಶರಣಾದ ಜಪಾನಿನಲ್ಲಿ ಅಮೆರಿಕದ ಸೈನ್ಯವೇ ಅಧಿಕಾರ ನಡೆಸುತ್ತಿತ್ತು. ಅದನ್ನು ಮುಗಿಸಿ ದೇಶವನ್ನು ಜಪಾನೀಯರ ಕೈಗೆ ಕೊಡಬೇಕಿತ್ತು. ಅಷ್ಟರಲ್ಲಿ 1949ರಲ್ಲಿ ಚೀನಾ ಕಮ್ಯುನಿಸ್ಟರ ಪಾಲಾಯಿತು. 1950ರ ಜೂನ್‌ನಲ್ಲಿ ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಹಳೇ ಶತ್ರು ಜಪಾನ್ ಈಗ ಅಮೆರಿಕಕ್ಕೆ ಗೆಳೆಯನಾಗಿ ಬೇಕಿತ್ತು.

ಅದಕ್ಕಾಗಿ ಜಪಾನ್ ಜೊತೆ ಶಾಂತಿ ಒಪ್ಪಂದ ಕುದುರಿಸುವ ಕೆಲಸ ಬಿದ್ದದ್ದು ಅಮೆರಿಕದ ರಾಜತಾಂತ್ರಿಕ ಜಾನ್ ಫಾಸ್ಟರ್ ಡಲೆಸ್ ಹೆಗಲಿಗೆ. ಮೊದಲ ಮಹಾಯುದ್ಧದ ನಂತರ ನಡೆದ 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಈತ ಯುವ ವಕೀಲನಾಗಿ ಯುದ್ಧ ಪರಿಹಾರದ ಲೆಕ್ಕಕ್ಕೆ ಕೂತಿದ್ದವನು. ಆಗ ಗೆದ್ದವರು ಜರ್ಮನಿಯನ್ನು ಹೊರಗಿಟ್ಟು ಒಪ್ಪಂದ ಬರೆದರು, ಆಮೇಲೆ ಕರೆದು ಸಹಿ ಹಾಕಿಸಿಕೊಂಡರು. 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಕೊಡಿ ಎಂದರು. ಆ ಸಿಟ್ಟನ್ನು ಹಿಟ್ಲರ್ ಹೇಗೆ ಬಳಸಿಕೊಂಡ ಅಂತ ಎಲ್ಲರಿಗೂ ಗೊತ್ತು. ಡಲೆಸ್ ಈ ಸಲ ಸೋತವನನ್ನು ಹಿಂಡುವುದು ಬೇಡ ಎಂದ. ಟೋಕಿಯೊ, ಲಂಡನ್ ಅಂತ ತಿರುಗಿ, ಒಬ್ಬೊಬ್ಬರ ಹತ್ತಿರ ಬೇರೆ ಬೇರೆಯಾಗಿ ಮಾತಾಡಿ ಕರಡು ಸಿದ್ಧ ಮಾಡಿದ. ಸಮ್ಮೇಳನ ಶುರುವಾಗುವ ಹೊತ್ತಿಗೆ ಬದಲಿಸಲು ಏನೂ ಉಳಿದಿರಲಿಲ್ಲ. ಸೋವಿಯತ್ ಒಕ್ಕೂಟದ ಗ್ರೊಮಿಕೊ ತಿದ್ದುಪಡಿ ಕೇಳಿದರು, ಸಭೆಯ ನಿಯಮವೇ ಅದಕ್ಕೆ ಅಡ್ಡ ಬಂತು. ಸೆಪ್ಟೆಂಬರ್ 8ರಂದು ಜಪಾನ್ ಸೇರಿ 49 ದೇಶಗಳು ಸಹಿ ಹಾಕಿದವು. ಸೋವಿಯತ್, ಪೋಲೆಂಡ್, ಜೆಕೊಸ್ಲೊವಾಕಿಯಾ ಹಾಕಲಿಲ್ಲ. ಅದೇ ದಿನ ಜಪಾನ್ ಪ್ರಧಾನಿ ಯೊಶಿದಾ ಇನ್ನೊಂದು ಕಾಗದಕ್ಕೂ ಸಹಿ ಹಾಕಿದರು. ಅಮೆರಿಕದ ಸೈನ್ಯ ಜಪಾನಿನಲ್ಲೇ ಉಳಿಯಬಹುದು ಎಂಬ ಭದ್ರತಾ ಒಪ್ಪಂದ ಅದು.

1919ರಲ್ಲಿ ಹೊರಗಿದ್ದವನು ಸೋತವನು. 1951ರಲ್ಲಿ ಸೋತವನು ಒಳಗೆ ಕೂತ, ಅತಿ ಜಾಸ್ತಿ ಪೆಟ್ಟು ತಿಂದವರು ಹೊರಗೆ ಉಳಿದರು. ಚೀನಾದ ಯಾವ ಸರ್ಕಾರವನ್ನು ಕರೆಯಬೇಕು ಎಂಬ ವಿಷಯದಲ್ಲಿ ಬ್ರಿಟನ್ ಮತ್ತು ಅಮೆರಿಕಕ್ಕೆ ಹೊಂದಲಿಲ್ಲ. ಕೊನೆಗೆ ಬೀಜಿಂಗಿನ ಕಮ್ಯುನಿಸ್ಟ್ ಸರ್ಕಾರವನ್ನೂ ಕರೆಯಲಿಲ್ಲ, ಅದಕ್ಕೆ ಸೋತು ತೈವಾನಿನಲ್ಲಿದ್ದ ಚಿಯಾಂಗ್ ಕೈ ಶೆಕ್‌ನನ್ನೂ ಕರೆಯಲಿಲ್ಲ. ಕೊರಿಯಾ ಜಪಾನಿನ ವಸಾಹತಾಗಿತ್ತು, ಯುದ್ಧ ಮಾಡಿದ ದೇಶವಲ್ಲ ಅಂತ ಅದನ್ನೂ ಬಿಟ್ಟರು. 35 ವರ್ಷ ಆಳಿಸಿಕೊಂಡವರಿಗೆ ಈ ಕಾರಣ ಹೇಗೆ ಕೇಳಿಸಿರಬೇಕು!

ಭಾರತಕ್ಕೆ ಆಹ್ವಾನ ಬಂದಿತ್ತು, ನೆಹರೂ ಸರ್ಕಾರ ಹೋಗಲಿಲ್ಲ. ಒಕಿನಾವಾ ಮುಂತಾದ ದ್ವೀಪಗಳನ್ನು ಅಮೆರಿಕ ಇಟ್ಟುಕೊಳ್ಳುವುದು ಸರಿಯಲ್ಲ, ತೈವಾನ್ ಚೀನಾಕ್ಕೆ ಸೇರಬೇಕು, ಸೈನ್ಯದ ವಿಷಯ ಜಪಾನ್ ಸ್ವತಂತ್ರವಾದ ಮೇಲೆ ತೀರ್ಮಾನವಾಗಲಿ ಎಂಬುದು ನಮ್ಮ ತಕರಾರು. ಪಕ್ಕದ ಸಿಲೋನ್ (ಇಂದಿನ ಶ್ರೀಲಂಕಾ) ಹೋಯಿತು. ಅದರ ಪ್ರತಿನಿಧಿ ಜೆ. ಆರ್. ಜಯವರ್ಧನೆ, ದ್ವೇಷ ದ್ವೇಷದಿಂದ ಶಮನವಾಗುವುದಿಲ್ಲ ಎಂಬ ಬುದ್ಧನ ಮಾತು ಹೇಳಿ, ತಮಗೆ ಪರಿಹಾರ ಬೇಡ ಎಂದರು. ಭಾರತ 1952ರ ಜೂನ್ 9ರಂದು ಟೋಕಿಯೊದಲ್ಲಿ ಬೇರೆ ಒಪ್ಪಂದ ಮಾಡಿಕೊಂಡು ಪರಿಹಾರದ ಹಕ್ಕು ಬಿಟ್ಟುಕೊಟ್ಟಿತು. (ಅದಕ್ಕೂ ಮೊದಲೇ, 1949ರಲ್ಲಿ, ಮೈಸೂರಿನ ಆನೆಯೊಂದು ಇಂದಿರಾ ಎಂಬ ಹೆಸರಿನಲ್ಲಿ ಟೋಕಿಯೊ ಮೃಗಾಲಯ ಸೇರಿತ್ತು!) ಒಕಿನಾವಾ ವಿಷಯದಲ್ಲಿ ಭಾರತ ಹೇಳಿದ್ದು ಸರಿಯೇ ಅನ್ನಿಸುತ್ತದೆ. ಆದರೆ ಹೊರಗೆ ನಿಂತು ಹೇಳಿದ್ದರಿಂದ ಕರಡಿನ ಒಂದು ಸಾಲೂ ಬದಲಾಗಲಿಲ್ಲ. ಒಕಿನಾವಾ ಜಪಾನ್‌ಗೆ ಮರಳಿದ್ದು 1972ರಲ್ಲಿ.

ಒಪ್ಪಂದದ 2ನೇ ವಿಧಿಯೇ ದೊಡ್ಡ ಗಂಟು. ಜಪಾನ್ ತೈವಾನನ್ನು ಬಿಟ್ಟುಕೊಡುತ್ತದೆ ಎನ್ನುತ್ತದೆ. ಯಾರಿಗೆ? ಹೇಳುವುದಿಲ್ಲ. ಜಪಾನಿನ ಉತ್ತರಕ್ಕಿರುವ, ಆಗಲೇ ಸೋವಿಯತ್ ಹಿಡಿತದಲ್ಲಿದ್ದ ಕುರಿಲ್ ದ್ವೀಪಗಳನ್ನೂ ಬಿಡುತ್ತದೆ. ಅವು ಯಾರಿಗೆ, ಅವುಗಳಲ್ಲಿ ಯಾವ ಯಾವ ದ್ವೀಪ ಸೇರುತ್ತದೆ? ಅದೂ ಇಲ್ಲ. ಇದು ಕೈತಪ್ಪಿ ಆದದ್ದಲ್ಲ. ಹೆಸರು ಬರೆದರೆ ಯಾರಾದರೊಬ್ಬರು ಸಿಡಿದೇಳುತ್ತಿದ್ದರು, ಅದಕ್ಕೇ ಜಾಗ ಖಾಲಿ ಬಿಟ್ಟರು. ಜಪಾನ್ ಮತ್ತು ಸೋವಿಯತ್ ಒಕ್ಕೂಟದ 1956ರ ಜಂಟಿ ಘೋಷಣೆಯಲ್ಲಿ, ಶಾಂತಿ ಒಪ್ಪಂದವಾದರೆ ಶಿಕೋಟಾನ್ ಮತ್ತು ಹಬೊಮಾಯ್ ದ್ವೀಪಗಳನ್ನು ಕೊಡುತ್ತೇವೆ ಎಂದು ಮಾಸ್ಕೊ ಒಪ್ಪಿತು. ಜಪಾನ್‌ಗೆ ಇನ್ನೆರಡು ದ್ವೀಪವೂ ಬೇಕಿತ್ತು. ಮಾತು ಅಲ್ಲೇ ನಿಂತಿದೆ.

ಪರಿಹಾರವನ್ನು ಜಪಾನ್ ಆಮೇಲೆ ಒಂದೊಂದೇ ದೇಶದ ಜೊತೆ ಕೂತು ತೀರಿಸಿತು. ಫಿಲಿಪ್ಪೀನ್ಸ್‌ಗೆ 1956ರಲ್ಲಿ 55 ಕೋಟಿ ಡಾಲರ್‌ಗೆ ಮಾತಾಯಿತು. ದಕ್ಷಿಣ ಕೊರಿಯಾ 1965ರ ತನಕ ಕಾಯಬೇಕಾಯಿತು. 30 ಕೋಟಿ ಡಾಲರ್ ಅನುದಾನ, 20 ಕೋಟಿ ಸಾಲ, ಅಲ್ಲಿಗೆ ಲೆಕ್ಕ ಚುಕ್ತಾ ಅಂತ ಜಪಾನ್ ವಾದ. ದುಡ್ಡಿನ ಬಹುಪಾಲು ಸರ್ಕಾರದ ಯೋಜನೆಗಳಿಗೆ ಹೋಯಿತು, ಬಲವಂತವಾಗಿ ದುಡಿಸಿಕೊಂಡ ಕಾರ್ಮಿಕರಿಗೆ ಸಿಕ್ಕಿದ್ದು ಕಡಿಮೆ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಜಪಾನಿ ಕಂಪನಿಗಳೇ ಆ ಕಾರ್ಮಿಕರಿಗೆ ಪರಿಹಾರ ಕೊಡಬೇಕು ಎಂದಿತು. ಮರುವರ್ಷ ಜಪಾನ್ ಚಿಪ್ ತಯಾರಿಕೆಯ ರಾಸಾಯನಿಕಗಳ ರಫ್ತು ಬಿಗಿ ಮಾಡಿತು, ಸೋಲ್‌ನಲ್ಲಿ ಜನ ಜಪಾನಿ ಬಿಯರ್ ಬಿಟ್ಟರು. 2023ರಲ್ಲಿ ಕೊರಿಯಾ ಸರ್ಕಾರ, ತನ್ನದೇ ಪ್ರತಿಷ್ಠಾನದಿಂದ ಆ ಹಣ ಕೊಡಿಸುತ್ತೇನೆ ಎಂದಿತು. ಆ ಕಾರ್ಮಿಕರಲ್ಲಿ ಬದುಕುಳಿದಿದ್ದ ಕೆಲವು ವಯಸ್ಸಾದವರು ಅದನ್ನು ಬೇಡವೆಂದರು.