ಗೇರ್ ಬಾಕ್ಸ್ ಎಣ್ಣೆ ಜಾರಲೂ ಬೇಕು, ಜಾರದೆಯೂ ಇರಬೇಕು

ಪಿಕಪ್ ಗಾಡಿ ಇಟ್ಟವರು ಎಂಜಿನ್ ಆಯಿಲ್ ಬದಲಿಸಲು ಮರೆಯುವುದು ಕಡಿಮೆ. ಗೇರ್ ಬಾಕ್ಸ್ ಎಣ್ಣೆ ಅಂದ ಕೂಡಲೇ ಮಾತ್ರ ಎರಡು ನಂಬಿಕೆಗಳು ಅಡ್ಡ ಬರುತ್ತವೆ. ಅದನ್ನು ಜೀವಮಾನದಲ್ಲಿ ಬದಲಿಸಬೇಕಾಗಿಲ್ಲ ಅನ್ನುವುದು ಒಂದು. ಬದಲಿಸುವುದಾದರೆ ಎಷ್ಟು ದಪ್ಪ, ಎಷ್ಟು ಜಾರುವ ಎಣ್ಣೆಯೋ ಅಷ್ಟು ಒಳ್ಳೆಯದು ಅನ್ನುವುದು ಇನ್ನೊಂದು. ಎರಡೂ ತಪ್ಪು. ಎರಡನೆಯದರಿಂದ ಆಗುವ ಹಾನಿ ಜಾಸ್ತಿ. ಯಾಕೆಂದರೆ ಆ ನಂಬಿಕೆ ಇಟ್ಟುಕೊಂಡವರು ಕೈಯಾರೆ ದುಡ್ಡು ಕೊಟ್ಟು ತಪ್ಪು ಎಣ್ಣೆ ತುಂಬುತ್ತಾರೆ.

ಕೈಯಿಂದ ಗೇರ್ ಹಾಕುವ ಈಗಿನ ಮ್ಯಾನುಯಲ್ ಗೇರ್ ಬಾಕ್ಸಿನಲ್ಲಿ ಮುಂದಕ್ಕೆ ಹೋಗುವ ಗೇರುಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ನಾವು ಗೇರ್ ಹಾಕಿದಾಗ, ಶಾಫ್ಟಿನ (ತಿರುಗುವ ದಂಡದ) ಮೇಲೆ ಸಡಿಲವಾಗಿ ತಿರುಗುತ್ತಿದ್ದ ಒಂದು ಗೇರನ್ನು ಸ್ಲೀವ್ ಎಂಬ ಭಾಗ ಬಂದು ಶಾಫ್ಟಿಗೆ ಕೂಡಿಸುತ್ತದೆ. ಆದರೆ ಶಾಫ್ಟಿನ ವೇಗ ಒಂದು, ಗೇರಿನ ವೇಗ ಇನ್ನೊಂದು. ಓಡುವ ಬಸ್ಸನ್ನು ಹತ್ತುವವನು ಮೊದಲು ಅದರ ಜೊತೆ ಓಡಿ ವೇಗ ಸಮ ಮಾಡಿಕೊಳ್ಳುತ್ತಾನಲ್ವಾ, ಇಲ್ಲೂ ಹಾಗೆಯೇ ಆಗಬೇಕು. ಆ ಕೆಲಸ ಮಾಡುವುದು ಸಿಂಕ್ರೊ ರಿಂಗ್, ಸಾಮಾನ್ಯವಾಗಿ ಹಿತ್ತಾಳೆಯದು. ಅದು ಗೇರಿನ ಪಕ್ಕದ ಶಂಕುವಿನ ಮೇಲೆ ಒತ್ತಿ ಕೂತು ಉಜ್ಜುತ್ತದೆ. ಉಜ್ಜಾಟದಿಂದಲೇ ವೇಗ ಸಮವಾಗುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಅದರ ಕಾವಲು. ವೇಗದಲ್ಲಿ ವ್ಯತ್ಯಾಸ ಇರುವ ತನಕ ಉಜ್ಜಾಟದ ಬಲ ರಿಂಗನ್ನು ಸ್ವಲ್ಪ ಓರೆಗೆ ತಿರುಗಿಸಿ ಹಿಡಿದಿರುತ್ತದೆ. ಅದರ ಹಲ್ಲುಗಳು ಸ್ಲೀವಿಗೆ ಎದುರಾಗಿ ನಿಂತು ದಾರಿ ಬಿಡುವುದಿಲ್ಲ. ವ್ಯತ್ಯಾಸ ಸೊನ್ನೆಯಾದಾಗ ಆ ಬಲವೂ ಹೋಗುತ್ತದೆ. ರಿಂಗ್ ಸರಿದುಕೊಳ್ಳುತ್ತದೆ, ಸ್ಲೀವ್ ಒಳಗೆ ಹೋಗುತ್ತದೆ, ಗೇರ್ ಬಿತ್ತು. ಒಂದು ಸೆನ್ಸರ್ ಇಲ್ಲ, ತಂತಿ ಇಲ್ಲ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಇಂಥ ವ್ಯವಸ್ಥೆ ಮೊದಲು ಮಾರಾಟಕ್ಕೆ ಬಂತು. ಅದರ ಹಿಂದಿದ್ದ ತಲೆ ಅರ್ಲ್ ಥಾಂಪ್ಸನ್ ಅವರದು. ಅದಕ್ಕೂ ಮುಂಚೆ ಚಾಲಕರು ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತಿ, ಕಿವಿಯಿಂದಲೇ ವೇಗ ಅಳೆಯಬೇಕಾಗಿತ್ತು.

ಈಗ ಎಣ್ಣೆಯ ಕಷ್ಟ ನೋಡಿ. ಗೇರ್ ಹಲ್ಲುಗಳ ನಡುವೆ ಅದು ಲೋಹಕ್ಕೆ ಲೋಹ ತಾಗದಂತೆ ತಡೆಯಬೇಕು. ಅದೇ ಎಣ್ಣೆ, ಅದೇ ಡಬ್ಬದೊಳಗೆ, ಸಿಂಕ್ರೊ ರಿಂಗ್ ಹತ್ತಿರ ಬಂದಾಗ ಪಕ್ಕಕ್ಕೆ ಸರಿದು ಲೋಹವನ್ನು ಉಜ್ಜಲು ಬಿಡಬೇಕು. ರಿಂಗಿನ ಒಳಮೈಯಲ್ಲಿ ಸಣ್ಣ ಗೀರುಗಳಿರುವುದೇ ಎಣ್ಣೆಯ ಪದರವನ್ನು ಕತ್ತರಿಸಿ ಹೊರಗೆ ಹಾಕಲು. ಎಣ್ಣೆ ತೀರಾ ದಪ್ಪವಾದರೆ ಪದರ ಬೇಗ ಕತ್ತರಿಸಿ ಹೋಗುವುದಿಲ್ಲ. ಗಾಡಿ ತಣ್ಣಗಿರುವಾಗ ಎರಡನೇ ಗೇರ್ ಬೀಳಲು ಒದ್ದಾಡುವುದು ಹೆಚ್ಚಾಗಿ ಇದರಿಂದಲೇ.

ಎಣ್ಣೆಯ ಪದರ ಎಷ್ಟು ಗಟ್ಟಿ ಅನ್ನುವುದು ಗೊತ್ತಾದ ಬಗೆಯೂ ಸ್ವಾರಸ್ಯದ್ದು. 1883ರಲ್ಲಿ ಬೀಚಮ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲು ಬೇರಿಂಗುಗಳ ಪ್ರಯೋಗ ಮಾಡುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗ್ ನೆತ್ತಿಯಲ್ಲಿ ತೂತು ಕೊರೆದರೆ ಎಣ್ಣೆ ಅದರಿಂದಲೇ ಮೇಲೆ ಉಕ್ಕಿತು. ಬಿರಡೆ ಬಡಿದರೆ ಬಿರಡೆ ಹೊರಗೆ ಬಂತು. ಮಾಪಕ ಕೂರಿಸಿದಾಗ ಒತ್ತಡ ಚದರ ಇಂಚಿಗೆ 200 ಪೌಂಡ್ ದಾಟಿತು. ತಿರುಗುವ ಶಾಫ್ಟ್ ತಾನೇ ಎಣ್ಣೆಯನ್ನು ಎಳೆದುಕೊಂಡು ಅದರ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟರು. ಗೇರ್ ಹಲ್ಲುಗಳನ್ನು ಕಾಯುವುದೂ ಇಂಥದೇ ಒತ್ತಡದ ಪದರ.

ಭಾರ ತೀರಾ ಹೆಚ್ಚಾದಾಗ ಆ ಪದರವೂ ಹರಿಯುತ್ತದೆ. ಅದಕ್ಕೇ ಎಣ್ಣೆಗೆ ಗಂಧಕ, ರಂಜಕದ ಸಂಯುಕ್ತಗಳನ್ನು ಸೇರಿಸುತ್ತಾರೆ. ಕಾದ ಜಾಗದಲ್ಲಿ ಅವು ಉಕ್ಕಿನ ಜೊತೆ ಕೂಡಿ ತೆಳು ಪೊರೆ ಕಟ್ಟುತ್ತವೆ. ಹಲ್ಲಿನ ಬದಲು ಆ ಪೊರೆ ಸವೆಯುತ್ತದೆ. ಹೊಸ ಗೇರ್ ಎಣ್ಣೆಗೆ ಆ ಘಾಟು ವಾಸನೆ ಬರುವುದೂ ಇದರಿಂದ. ಅದು ಸುಟ್ಟ ವಾಸನೆಯಲ್ಲ.

ಎಣ್ಣೆ ಡಬ್ಬದ ಮೇಲಿನ ಜಿಎಲ್-4, ಜಿಎಲ್-5 ಎಂಬ ದರ್ಜೆಯ ಗುರುತುಗಳಿಗೆ ಅರ್ಥ ಬರುವುದು ಇಲ್ಲಿ. ಜಿಎಲ್-5 ಮುಖ್ಯವಾಗಿ, ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳಿಗೆ (ಹಲ್ಲುಗಳು ಒಂದರ ಮೇಲೊಂದು ಜೋರಾಗಿ ಜಾರುವಂಥವು) ಹೇಳಿ ಮಾಡಿಸಿದ್ದು. ಅದರಲ್ಲಿ ಈ ಸಂಯುಕ್ತಗಳು ಜಾಸ್ತಿ. ಹಿತ್ತಾಳೆಯಲ್ಲಿ ತಾಮ್ರ ಇದೆ, ಗಂಧಕ ತಾಮ್ರ ಕಂಡರೆ ತಿನ್ನದೇ ಬಿಡದು. ಇಂದಿನ ಎಣ್ಣೆಗಳಲ್ಲಿ ಆ ಗಂಧಕವನ್ನು ಪಳಗಿಸಿರುತ್ತಾರೆ ನಿಜ, ಆದರೂ ರಿಂಗಿಗೆ ಬೇಕಾದ ಉಜ್ಜಾಟ ಸಿಗದೇ ಹೋಗಬಹುದು. ಪಿಕಪ್‌ಗಳಲ್ಲಿ ಈ ತಪ್ಪು ಸುಲಭ. ಹಿಂದಿನ ಆಕ್ಸಲ್‌ಗೆ ತಂದ ಜಿಎಲ್-5 ಡಬ್ಬ ಪಕ್ಕದಲ್ಲೇ ಇರುತ್ತದೆ, ಅದನ್ನೇ ಗೇರ್ ಬಾಕ್ಸಿಗೂ ಸುರಿದುಬಿಡುತ್ತಾರೆ. 5 ಅನ್ನುವುದು 4ಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು ಎಂಬ ಲೆಕ್ಕ ಬೇರೆ! ಎರಡರಲ್ಲಿ ಯಾವ ಎಣ್ಣೆಯಾದರೂ ಸಲ್ಲುತ್ತದೆ ಎಂದು ಕಂಪನಿಯೇ ಹೇಳಿದ ಗೇರ್ ಬಾಕ್ಸುಗಳೂ ಇವೆ. ಹಲವು ಫೋರ್ಡ್ ರೇಂಜರ್ ಪಿಕಪ್‌ಗಳ ಮ್ಯಾನುಯಲ್ ಗೇರ್ ಬಾಕ್ಸಿಗೆ ಕಂಪನಿ ಹೇಳಿದ್ದು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ತೆಳು ಎಣ್ಣೆಯನ್ನೇ. ಗಾಡಿಯ ಕೈಪಿಡಿಯ ಮಾತೇ ಕೊನೆ. ಅಂದಹಾಗೆ 90 ನಂಬರಿನ ಗೇರ್ ಎಣ್ಣೆ ಕಾದಾಗ ಹೆಚ್ಚುಕಡಿಮೆ 40, 50 ನಂಬರಿನ ಎಂಜಿನ್ ಎಣ್ಣೆಯಷ್ಟೇ ದಪ್ಪ. ಎರಡರ ಅಳತೆಗೋಲು ಬೇರೆ, ಅಷ್ಟೇ.

ಇನ್ನು ಬದಲಿಸುವ ಕೆಲಸ ಸರಳ. ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗೆ ಮಾಡಿ. ಗಾಡಿ ಸಮತಟ್ಟಾಗಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಲಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೇನ್ ಪ್ಲಗ್. ಹಳೆಯದನ್ನು ಹರಿಸಿಬಿಟ್ಟ ಮೇಲೆ ಮೇಲಿನದು ಬಿಚ್ಚದೇ ಹೋದರೆ ಗಾಡಿ ಅಲ್ಲೇ ನಿಂತ ಹಾಗೆ.

ಹರಿದು ಬಂದ ಎಣ್ಣೆಯನ್ನು ಸುಮ್ನೆ ಚೆಲ್ಲಬೇಡಿ, ಬೆಳಕಿನಲ್ಲಿ ನೋಡಿ. ಇಲ್ಲಿ ಹೊಗೆ ಮಸಿ ಸೇರುವುದಿಲ್ಲ, ಆದರೆ ಸಾಮಾನ್ಯವಾಗಿ ಫಿಲ್ಟರ್ ಕೂಡ ಇರುವುದಿಲ್ಲ. ಸವೆದ ಲೋಹವೆಲ್ಲ ಒಳಗೇ ಸುತ್ತುತ್ತದೆ. ಹಲ್ಲುಗಳ ನಡುವೆ ಸಿಕ್ಕಿ ಎಣ್ಣೆಯ ಉದ್ದ ಅಣುಸರಪಳಿಗಳು ತುಂಡಾಗುತ್ತವೆ, ಎಣ್ಣೆ ತೆಳುವಾಗುತ್ತದೆ. ಜೀವಮಾನದ ಎಣ್ಣೆ ಅನ್ನುವ ಮಾತು ಇಲ್ಲೇ ಬೀಳುತ್ತದೆ. ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ಚೂರುಗಳು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆದಿದೆ. ಅಯಸ್ಕಾಂತಕ್ಕೆ ಅಂಟದೆ ಎಣ್ಣೆಯಲ್ಲಿ ಚಿನ್ನದ ಪುಡಿಯಂತೆ ಮಿನುಗುವುದು ಸಿಂಕ್ರೊ ರಿಂಗಿನ ಹಿತ್ತಾಳೆ. ಎಣ್ಣೆ ಹಾಲಿನಂತೆ ಬಿಳಿಚಿದ್ದರೆ ಒಳಗೆ ನೀರು ಹೋಗಿದೆ. ಕಾದ ಗೇರ್ ಬಾಕ್ಸ್ ಹೊಳೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಕೊಳವೆಯಿಂದ ನೀರು ಎಳೆದುಕೊಂಡಿರುತ್ತದೆ. ಹಾಗಾಗಿದ್ದರೆ ಆ ಕೊಳವೆ ಎಲ್ಲಿ ಕಳಚಿದೆ ಎಂದು ಹುಡುಕಿ ಸರಿಮಾಡಿ, ಆಮೇಲಷ್ಟೇ ಹೊಸ ಎಣ್ಣೆ ತುಂಬಿ. ಹೆಚ್ಚಿನ ಗಾಡಿಗಳಲ್ಲಿ ಅದು ಫಿಲ್ಲರ್ ತೂತಿನ ಅಂಚಿನಿಂದ ಜಿನುಗುವ ತನಕ ತುಂಬಿದರೆ ಸಾಕು. ಅದಕ್ಕಿಂತ ಜಾಸ್ತಿ ತುರುಕಿದರೆ ಗೇರುಗಳು ಅದನ್ನು ಕಡೆದು ನೊರೆ ಮಾಡುತ್ತವೆ, ನೊರೆ ಸೀಲುಗಳಿಂದ ಸೋರುತ್ತದೆ.